ತೋಳಿನ ಪಟ್ಟಿ, ಹೆಗಲಿನ ಬಿಲ್ಲೆ

ಹಾನಗಲ್ ಸೀಮೆ ವೀರಗಲ್ಲುಗಳ ಸೀಮೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿ ಅವನ್ನು ಕಾಣಬಹುದು, ಸುತ್ತಲ ಹಳ್ಳಿಗಳ ಕೆರೆಯ ಏರಿ, ಹೊಲದ ಬದುಗಳಲ್ಲೂ ಕಾಣಬಹುದು. ದನ ಬಿಡಿಸಲು ಹೋಗಿ ಸತ್ತವನಿಗೂ ಇಲ್ಲಿ ಕಲ್ಲಿದೆ, ಊರು ಕಾಯಲು ಹೋಗಿ ಸತ್ತವನಿಗೂ ಕಲ್ಲಿದೆ. ಓದಬಲ್ಲವರಿಗೆ ಆ ಕಲ್ಲು ಬಹಳಷ್ಟನ್ನು ಹೇಳುತ್ತದೆ. ಕೆಳಗಿನ ಸಾಲಿನಲ್ಲಿ ಕಾದಾಟ, ನಡುವಿನ ಸಾಲಿನಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ಅಕ್ಕಪಕ್ಕ ಸೂರ್ಯಚಂದ್ರರು. ಶಾಸನವಿದ್ದರೆ ಅವನ ಹೆಸರು, ಊರು, ಸತ್ತ ಕಾರಣವೂ ಸಿಗುತ್ತದೆ. ಓದಲು ಬಾರದವರಿಗೆ ಅದು ಎಮ್ಮೆ ಕಟ್ಟುವ ಕಲ್ಲು.

ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳಿಗೆ ನಮ್ಮ ಕಡೆಯಿಂದ ಜನ ಹೋಗುವ ಹೊತ್ತಿಗೆ ವೀರಗಲ್ಲು ನಿಲ್ಲಿಸುವ ಕಾಲ ಮುಗಿದುಹೋಗಿತ್ತು. ಆ ಜನರಿಂದ ಮನೆಗಳಿಗೆ ಉಳಿದದ್ದು ಹೆಚ್ಚೆಂದರೆ ಒಂದು ಫೋಟೋ. ಪೇಟೆಯ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ, ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇಟ್ಟು ನಿಂತ ಖಾಕಿಯ ಮನುಷ್ಯ. ಹಿಂದೂ ಮನೆಗಳಲ್ಲಿ ಆ ಫೋಟೋ ಪಡಸಾಲೆಯ ಗೋಡೆಗೆ ಹೋಯಿತು. ನಮಾಜು ಮಾಡುವ ಮನೆಯಲ್ಲಿ ತಸ್ವೀರು ತೂಗುಹಾಕಬಾರದೆಂದು ಮುಸ್ಲಿಮರ ಅನೇಕ ಮನೆಗಳಲ್ಲಿ ಅದು ಟ್ರಂಕಿನ ತಳ ಸೇರಿತು. ಬಿಸಿಲು, ಹೊಗೆ ತಾಕದೆ ಉಳಿಯಿತೆಂಬುದು ಅದರ ನಸೀಬು. ಯಾರೂ ನೋಡದೆ ಉಳಿಯಿತೆಂಬುದು ನಮ್ಮ ನಸೀಬು.

ಮದುವೆಗೋ ಮನೆ ಬದಲಿಸುವಾಗಲೋ ಆ ಟ್ರಂಕು ತೆರೆದುಕೊಂಡರೆ ‘ಇವರು ಯಾರು?’ ಎಂದು ಮಕ್ಕಳು ಕೇಳುತ್ತಾರೆ. ‘ನಿಮ್ಮ ಮಿಲ್ಟ್ರಿ ದಾದಾ’ ಎಂಬ ಉತ್ತರ ಬರುತ್ತದೆ. ‘ಬಸ್ರಾಕ್ಕೆ ಹೋಗಿದ್ದರಂತೆ’, ‘ಸುಬೇದಾರರಾಗಿದ್ದರಂತೆ’ ಎಂಬ ಎರಡು ಮಾತು ಸೇರಿದರೆ ಕಥೆ ಮುಗಿಯಿತು. ಆದರೆ ಉತ್ತರದ ಬಹುಪಾಲು ಫೋಟೋದಲ್ಲೇ ಇರುತ್ತದೆ. ತೋಳಿನ ಪಟ್ಟಿ, ಹೆಗಲಿನ ಹಿತ್ತಾಳೆ, ರುಮಾಲಿನ ಬಿಲ್ಲೆ, ಎದೆಯ ಮೇಲಿನ ಅಂಗುಲಗಲದ ರಿಬ್ಬನ್ನು, ಇವು ನಮ್ಮ ಕಾಲದ ವೀರಗಲ್ಲಿನ ಅಕ್ಷರಗಳು. ಅವನ್ನು ಓದುವ ಬಗೆಯನ್ನು ನಾವು ಇಲ್ಲಿ ಸ್ವಲ್ಪ ನೋಡೋಣ.

ಖಾಕಿಯೆಲ್ಲ ಸೈನ್ಯವಲ್ಲ

ಮೊದಲು ಒಂದು ಎಚ್ಚರಿಕೆ. ಪೊಲೀಸರದೂ ಖಾಕಿ, ಜಂಗಲ್ ಖಾತೆಯವರದೂ ಖಾಕಿ, ರೈಲ್ವೆಯ ಕೆಲವರದೂ ಖಾಕಿ. ಮುಂಬೈ ಇಲಾಖೆಯ ಕಚೇರಿಗಳಲ್ಲಿ ‘ಪಟ್ಟೇವಾಲಾ’ ಎಂಬ ಜವಾನನಿದ್ದ. ಹೆಗಲಿನಿಂದ ಸೊಂಟಕ್ಕೆ ಅಡ್ಡಪಟ್ಟಿ, ಅದರ ಮೇಲೆ ಹೊಳೆಯುವ ಹಿತ್ತಾಳೆ ಬಿಲ್ಲೆ. ಮೂರನೆಯ ತಲೆಮಾರಿಗೆ ಆ ಬಿಲ್ಲೆಯೇ ಮೆಡಲಾಗಿ ಕಾಣುತ್ತದೆ. ಸವಣೂರು ಆಗ ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ನವಾಬರ ದರ್ಬಾರಿನ ನೌಕರಿಯ ಪೋಷಾಕು ಕೂಡ ಇಂದಿನ ಕಣ್ಣಿಗೆ ದಂಡಿನ ಉಡುಪಿನಂತೆ ಕಂಡೀತು.

ಎರಡನೆಯದಾಗಿ ಕಾಲ. ಬಿಲ್ಲೆಯ ತುದಿಯಲ್ಲಿ ಕಿರೀಟವಿದ್ದರೆ ಅದು ರಾಜರ ಕಾಲದ್ದು. ಅಶೋಕ ಸ್ತಂಭದ ಸಿಂಹಗಳಿದ್ದರೆ 1950ರ ಜನವರಿ 26ರ ನಂತರದ್ದು. ‘ಜರ್ಮನ್ ಲಡಾಯಿಯ ಫೋಟೋ’ ಎಂದು ಮನೆಯವರು ಹೇಳಿದರೂ ಟೋಪಿಯ ಮೇಲೆ ಸಿಂಹಗಳಿದ್ದರೆ ಅದು ಗಣರಾಜ್ಯದ ಸೈನಿಕನ ಚಿತ್ರ. ಬಹುಶಃ 1962 ಅಥವಾ 1965ರ ಯುದ್ಧ ಕಂಡವರು. ಇದೂ ದೊಡ್ಡ ವಿಷಯವೇ, ಬೇರೆ ವಿಷಯ ಅಷ್ಟೆ.

ಬಟ್ಟೆಯೂ ಕಾಲ ಹೇಳುತ್ತದೆ. ಮೊಣಕಾಲಿನ ಹತ್ತಿರ ಬರುವ, ಕಾಲರಿಲ್ಲದ ಉದ್ದನೆಯ ಖಾಕಿ ಕುರ್ತಾ, ಕಾಲಿಗೆ ಸುತ್ತಿದ ಪಟ್ಟಿ, ತಲೆಗೆ ರುಮಾಲು ಇದ್ದರೆ ಮೊದಲ ಮಹಾಯುದ್ಧದ ಸಿಪಾಯಿ ಎಂದು ಊಹಿಸಬಹುದು. ಕಾಲರಿನ ಅಂಗಿ, ಚಡ್ಡಿ ಇದ್ದರೆ ಎರಡನೆಯದು. ಸೊಂಟಕ್ಕೇ ನಿಲ್ಲುವ ಗಿಡ್ಡ ದಪ್ಪ ಉಣ್ಣೆಯ ಜಾಕೀಟು ಇದ್ದರೆ ಚಳಿ ದೇಶ ಕಂಡವನು. ಇಟಲಿಯ ರಂಗದಲ್ಲಿ ನಮ್ಮವರು ತೊಟ್ಟದ್ದು ಅದನ್ನೇ. ಬರ್ಮಾದ ಕಾಡಿಗೆ ಹೋದವರಿಗೆ ಯುದ್ಧದ ಕೊನೆಯ ವರ್ಷಗಳಲ್ಲಿ ಹಸಿರು ಬಟ್ಟೆ ಬಂತು.

ಎಷ್ಟು ಪಟ್ಟಿ, ಯಾವ ಕಡೆ ತುದಿ

ಮನೆಯ ನೆನಪು ಹೆಚ್ಚಾಗಿ ಎಡವುವುದು ಹುದ್ದೆಯ ವಿಷಯದಲ್ಲಿ. ಯಾರನ್ನು ಕೇಳಿದರೂ ಅಜ್ಜ ಸುಬೇದಾರ. ಆದರೆ ತೋಳಿನ ಮೇಲೆ ಪಟ್ಟಿ ಇದ್ದವನು ಸುಬೇದಾರನಲ್ಲ.

ಮೊಣಕೈಗಿಂತ ಮೇಲೆ, ತುದಿ ಕೆಳಗಾಗಿ ಹೊಲಿದ ಪಟ್ಟಿ ಒಂದಿದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಕುದುರೆ ದಂಡಿನಲ್ಲಿ ಎರಡು ಪಟ್ಟಿಯವನು ಲ್ಯಾನ್ಸ್ ದಫೇದಾರ್, ಮೂರು ಪಟ್ಟಿಯವನು ದಫೇದಾರ್. ಸಾದಾ ಸಿಪಾಯಿಯ ತೋಳು ಖಾಲಿ. ಜಮಾದಾರ್, ಸುಬೇದಾರರ ಗುರುತು ತೋಳಿನಲ್ಲಿಲ್ಲ, ಹೆಗಲಿನಲ್ಲಿದೆ. ಒಂದು ನಕ್ಷತ್ರವಿದ್ದರೆ ಜಮಾದಾರ್, ಎರಡಿದ್ದರೆ ಸುಬೇದಾರ್. ಅಂದಿನ ಜಮಾದಾರ್ ಹುದ್ದೆಗೆ ಇಂದಿನ ಭಾರತೀಯ ಸೇನೆಯಲ್ಲಿ ನಾಯಬ್ ಸುಬೇದಾರ್ ಎಂದು ಹೆಸರು.

ಇನ್ನೊಂದು ಮೋಸವಿದೆ. ಮೊಣಕೈಗಿಂತ ಕೆಳಗೆ, ಮಣಿಕಟ್ಟಿನ ಹತ್ತಿರ, ತುದಿ ಮೇಲಾಗಿರುವ ಸಣ್ಣ ಪಟ್ಟಿಗಳು ಕೆಲವು ಚಿತ್ರಗಳಲ್ಲಿ ಕಾಣುತ್ತವೆ. ಅವು ಹುದ್ದೆಯ ಗುರುತಲ್ಲ. ಬ್ರಿಟಿಷ್ ಪದ್ಧತಿಯಲ್ಲಿ ಒಳ್ಳೆಯ ನಡತೆಗೂ, ಮೊದಲ ಯುದ್ಧದ ಕೊನೆಯಲ್ಲಿ ಪರದೇಶದ ಸೇವೆಯ ವರ್ಷಗಳಿಗೂ ಅಂಥ ಪಟ್ಟಿ ಕೊಡುತ್ತಿದ್ದರು. ನಾಲ್ಕು ಪಟ್ಟಿ ಕಂಡು ‘ಹವಾಲ್ದಾರನಿಗಿಂತ ದೊಡ್ಡವರು’ ಎಂದುಕೊಂಡರೆ ತಪ್ಪಾಗುತ್ತದೆ. ಅವು ಹೇಳುವುದು ಆತ ಎಷ್ಟು ವರ್ಷ ಮನೆಯಿಂದ ದೂರವಿದ್ದ ಎಂಬುದನ್ನು. ಮನೆಯವರ ದೃಷ್ಟಿಯಿಂದ ನೋಡಿದರೆ ಅದೇ ಹೆಚ್ಚಿನ ಸಂಗತಿ ಅಲ್ಲವೇ?

ಚಿತ್ರ ಎಡಬಲ ಮಗುಚಿಕೊಂಡಿದೆಯೋ ಎಂದೂ ನೋಡಬೇಕು. ಗಾಜಿನ ನೆಗೆಟಿವನ್ನು ತಿರುವಿ ಹಾಕಿ ಅಚ್ಚು ತೆಗೆದ ಚಿತ್ರಗಳುಂಟು. ಮೆಡಲು ತೊಟ್ಟವನ ಎಡ ಎದೆಯ ಮೇಲಿರಬೇಕು. ಬಲಕ್ಕೆ ಕಂಡರೆ ಗುಂಡಿ ಯಾವ ಕಡೆ ಇವೆ ನೋಡಿ. ಗಂಡಸರ ಅಂಗಿಯಲ್ಲಿ ಎಡದ ಅಂಚು ಬಲದ ಮೇಲೆ ಬರುತ್ತದೆ. ಅದೂ ತಿರುವುಮುರುವಾಗಿದ್ದರೆ ಚಿತ್ರವೇ ಮಗುಚಿದೆ.

ಹೆಗಲಿನ ಅಂಕಿ

ಎಲ್ಲಕ್ಕಿಂತ ಹೆಚ್ಚು ಮಾತಾಡುವ ವಸ್ತು ಹೆಗಲಿನ ತುದಿಯ ಹಿತ್ತಾಳೆ ಅಕ್ಷರ. ಒಳ್ಳೆಯ ಭೂತಗನ್ನಡಿ ಹಿಡಿದರೆ ಅಂಕಿಯೊಂದು ಕಾಣುತ್ತದೆ. ನಮ್ಮ ಕಡೆಯವರ ಮಟ್ಟಿಗೆ ನೆನಪಿಡಬೇಕಾದ ಅಂಕಿಗಳು ಆರು: 103, 105, 110, 114, 116, 117. ಇವು ಮೊದಲ ಮಹಾಯುದ್ಧದ ಮರಾಠಾ ಪಲ್ಟನ್‌ಗಳು. 1922ರಲ್ಲಿ ಸೇನೆಯನ್ನು ಹೊಸದಾಗಿ ಜೋಡಿಸಿದಾಗ ಈ ಆರೂ ಒಂದೇ ರೆಜಿಮೆಂಟಾಗಿ ‘5ನೇ ಮರಾಠಾ ಲೈಟ್ ಇನ್‌ಫಂಟ್ರಿ’ ಎನಿಸಿಕೊಂಡವು. 103 ಒಂದನೆಯ ಬೆಟಾಲಿಯನ್, 105 ಎರಡನೆಯದು, 110 ಮೂರನೆಯದು, 116 ನಾಲ್ಕನೆಯದು, 117 ಐದನೆಯದು ಆಯಿತು. 114 ಹತ್ತನೆಯದಾಗಿ ಬೆಳಗಾವಿಯಲ್ಲಿ ತರಬೇತಿ ಕೊಡುವ ಪಲ್ಟನ್ ಆಯಿತು. ಇಂದಿಗೂ ಬೆಳಗಾವಿ ಮರಾಠಾ ರೆಜಿಮೆಂಟಿನ ಕೇಂದ್ರ. ಹೀಗಾಗಿ ಹೆಗಲ ಮೇಲೆ ಮೂರಂಕಿಯ ಸಂಖ್ಯೆ ಇದ್ದರೆ ಆ ಚಿತ್ರ 1922ಕ್ಕೆ ಹಿಂದಿನದು ಎಂದು ಹೇಳಬಹುದು. ಬಿಲ್ಲೆಯಲ್ಲಿ ಕಹಳೆ ಇದ್ದರೆ ಅದು ಲೈಟ್ ಇನ್‌ಫಂಟ್ರಿಯ ಗುರುತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಫೋಟೋದಲ್ಲಿರುವವರು ಖಾನ್ ಸಾಹೇಬರು ಅಥವಾ ಶೇಖ್ ಸಾಹೇಬರು, ಹೆಗಲ ಮೇಲೆ ‘ಮರಾಠಾ’ ಎಂದಿದೆ. ಇದು ಹೇಗೆ? ಸ್ಟುಡಿಯೋದವನು ಬೇರೆಯವರ ಬಟ್ಟೆ ತೊಡಿಸಿದನೇ? ಹಾಗೇನಿಲ್ಲ. ಅಂದಿನ ಮರಾಠಾ ಪಲ್ಟನ್‌ಗಳಲ್ಲಿ ಮರಾಠರ ಕಂಪನಿಗಳ ಜೊತೆಗೆ ‘ದಖನಿ ಮುಸಲ್ಮಾನ’ರ ಕಂಪನಿಗಳೂ ಇದ್ದವು. ಜಾತಿಗೊಂದು ಕಂಪನಿ ಕಟ್ಟುವುದು ಬ್ರಿಟಿಷರ ಲೆಕ್ಕಾಚಾರ. ಯಾರು ಯುದ್ಧಕ್ಕೆ ಯೋಗ್ಯರು, ಯಾರು ಅಲ್ಲ ಎಂದು ಅವರು ಪಟ್ಟಿ ಮಾಡಿದ್ದರು. ಆದರೆ ಪಲ್ಟನ್ನಿನ ಹೆಸರು, ಬಿಲ್ಲೆ, ಕಹಳೆ ಎಲ್ಲರಿಗೂ ಒಂದೇ. ಪಲ್ಟನ್ನಿನ ಹೆಸರಿನಿಂದ ಮನುಷ್ಯನ ಜಾತಿ ಹೇಳಲಾಗದು ಎಂಬುದನ್ನು ಈ ಫೋಟೋಗಳು ಚೆನ್ನಾಗಿ ಕಲಿಸುತ್ತವೆ.

ದಖನಿ ಮುಸಲ್ಮಾನರನ್ನು ಸೇರಿಸಿಕೊಳ್ಳುತ್ತಿದ್ದ ಕುದುರೆ ದಂಡುಗಳೂ ಇದ್ದವು. 20ನೇ ಡೆಕ್ಕನ್ ಹಾರ್ಸ್ ಅಂಥದೊಂದು. 1916ರ ಜುಲೈ 14ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ, ಹೈವುಡ್ ಎಂಬ ಕಾಡಿನ ಬಳಿ ಭರ್ಜಿ ಹಿಡಿದು ನುಗ್ಗಿದ ದಂಡು ಅದು. ಹಿರೇಕೆರೂರಿನ ಗಡಿಯಾಚೆ ಶಿಕಾರಿಪುರ, ಅದು ಆಗ ಮೈಸೂರು ಸಂಸ್ಥಾನ. ಗಡಿ ಕಚೇರಿಗಷ್ಟೇ, ನೆಂಟಸ್ತನಕ್ಕೆ ಇರಲಿಲ್ಲ. ಹಾಗಾಗಿ ಬಿಲ್ಲೆಯ ಮೇಲೆ ಗಂಡಭೇರುಂಡ ಕಂಡರೆ ಮೈಸೂರಿನ ದಂಡು ಎಂದು ತಿಳಿಯಬೇಕು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಸೇರಿ ಪ್ಯಾಲೆಸ್ತೀನಿನ ಹೈಫಾ ಪಟ್ಟಣ ಹಿಡಿದ ಮೈಸೂರು ಲ್ಯಾನ್ಸರ್ಸ್ ಆ ಸಂಸ್ಥಾನದವರೇ.

ಬಸ್ರಾದ ದಾರಿ

103, 110 ಅಥವಾ 117 ಎಂಬ ಅಂಕಿ ಕಂಡರೆ ‘ಬಸ್ರಾಕ್ಕೆ ಹೋಗಿದ್ದರಂತೆ’ ಎಂಬ ಮನೆಯ ಮಾತಿಗೆ ಬೆಲೆ ಬರುತ್ತದೆ. ಈ ಮೂರೂ ಪಲ್ಟನ್‌ಗಳು ಪುಣೆಯ 6ನೇ ಡಿವಿಜನ್ನಿಗೆ ಸೇರಿದ್ದವು. 1914ರ ನವೆಂಬರಿನಲ್ಲಿ ಬಸ್ರಾ ಹಿಡಿದ ಈ ಡಿವಿಜನ್ ಟೈಗ್ರಿಸ್ ನದಿಯ ಗುಂಟ ಬಗ್ದಾದಿನತ್ತ ನಡೆದು, ಹಿಂದೆ ಸರಿದು, ಕೂತ್ ಎಂಬ ಊರಿನಲ್ಲಿ ಸಿಕ್ಕಿಬಿತ್ತು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆ. ಕಾಳು ಮುಗಿದು ಕುದುರೆಗಳನ್ನು ಕಡಿಯಬೇಕಾಯಿತು. ಆ ಮಾಂಸ ಮುಟ್ಟಲು ಹಿಂದೂಗಳೂ ಹಿಂಜರಿದರು, ಮುಸಲ್ಮಾನರೂ ಹಿಂಜರಿದರು. ಕೊನೆಗೆ ಸುಮಾರು 13 ಸಾವಿರ ಮಂದಿ ಶರಣಾದರು. ಅವರಲ್ಲಿ ಹೆಚ್ಚಿನವರು ಹಿಂದುಸ್ತಾನದವರು. ಮರಳುಗಾಡಿನಲ್ಲಿ ನಡೆಸಿಕೊಂಡು ಹೋದ ಕೈದಿಗಳಲ್ಲಿ ಬಹಳ ಜನ ದಾರಿಯಲ್ಲೇ ಸತ್ತರು. ಉಳಿದವರಲ್ಲಿ ಅನೇಕರು ರಾಸುಲ್ ಐನ್ ಕಡೆ ರೈಲು ಹಾದಿಯ ಕೆಲಸಕ್ಕೆ ಬಿದ್ದರು.

ಮುಸಲ್ಮಾನ ಸಿಪಾಯಿಗೆ ಇನ್ನೊಂದು ಸಂಕಟವಿತ್ತು. ಎದುರಿಗಿದ್ದವನು ಖಲೀಫರ ಸೈನಿಕ. ನಡೆಯುತ್ತಿದ್ದ ನೆಲ ಕರ್ಬಲಾದ ನೆಲ, ಹಜರತ್ ಗೌಸುಲ್ ಆಜಮರ ಬಗ್ದಾದ್. ಊರಲ್ಲಿ ಹನ್ನೊಂದನೆಯ ಫಾತಿಹಾ ಮಾಡಿಸುವ ಮನೆಯ ಹುಡುಗ ಅಲ್ಲಿ ಬಂದೂಕು ಹಿಡಿದು ನಿಂತಿದ್ದ. 1916ರಲ್ಲಿ ಬಸ್ರಾದಲ್ಲಿ 15ನೇ ಲ್ಯಾನ್ಸರ್ಸ್ ದಂಡಿನ ಮುಸಲ್ಮಾನ ಸವಾರರು ಪವಿತ್ರ ಸ್ಥಳಗಳತ್ತ ಯುದ್ಧಕ್ಕೆ ನಡೆಯಲಾರೆವೆಂದು ನಿರಾಕರಿಸಿ ಶಿಕ್ಷೆ ಅನುಭವಿಸಿದರು. ಬಹುಪಾಲು ಜನ ನಡೆದರು. ತಿಂಗಳಿಗೆ 11 ರೂಪಾಯಿ ಸಂಬಳ, ಮನೆಗೆ ಕಳಿಸುವ ಮನಿಆರ್ಡರು, ಉಪ್ಪಿನ ಋಣ, ಹೆದರಿಕೆ, ಇವುಗಳಲ್ಲಿ ಯಾವುದು ಎಷ್ಟು ಎಂದು ತೂಗಲು ನಾವು ಯಾರು? ಫೋಟೋದಲ್ಲಿನ ಮುಖ ಅದನ್ನು ಹೇಳುವುದಿಲ್ಲ. ಹೆಗಲಿನ ಅಂಕಿ ಅವನು ಯಾವ ಸಂಕಟದ ನಡುವೆ ನಿಂತಿದ್ದ ಎಂಬಷ್ಟನ್ನು ಹೇಳುತ್ತದೆ.

ಹದ್ದು, ಹುಂಜ, ಕರಿ ಬೆಕ್ಕು

ಎರಡನೆಯ ಮಹಾಯುದ್ಧದ ಚಿತ್ರದಲ್ಲಿ ಹೊಸದೊಂದು ಗುರುತು ಬರುತ್ತದೆ. ತೋಳಿನ ಮೇಲ್ತುದಿಗೆ ಹೊಲಿದ ಬಟ್ಟೆಯ ಬಿಲ್ಲೆ. ಇದು ಪಲ್ಟನ್ನಿನದಲ್ಲ, ಹಲವು ಪಲ್ಟನ್‌ಗಳು ಸೇರಿದ ಡಿವಿಜನ್ನಿನದು. ಅಕ್ಷರ ಬಾರದವನೂ ಗುರುತಿಸಲೆಂದು ಪ್ರಾಣಿಪಕ್ಷಿಗಳ ಚಿತ್ರಗಳೇ ಇದರಲ್ಲಿ ಹೆಚ್ಚು. ಕೆಂಪು ಹದ್ದು 4ನೇ ಡಿವಿಜನ್, ಕಪ್ಪಿನ ಮೇಲೆ ಕೆಂಪು ಚೆಂಡು 5ನೇದು, ಬಾಣ 7ನೇದು, ಎಲೆಗಳ ಗೊಂಚಲು 8ನೇದು, ಕರಿ ಬೆಕ್ಕು 17ನೇದು, ಕಠಾರಿ ಹಿಡಿದ ಮುಷ್ಟಿ 19ನೇದು, ಹುಂಜ 23ನೇದು.

ಈ ಬಿಲ್ಲೆಯನ್ನು ಬೆಟಾಲಿಯನ್ನಿನೊಡನೆ ಜೋಡಿಸಿದರೆ ದಾರಿ ತೆರೆಯುತ್ತದೆ. ಮರಾಠಾದ ಎರಡನೆಯ ಬೆಟಾಲಿಯನ್ ಹದ್ದಿನ ಡಿವಿಜನ್ನಿನ ಬ್ರಿಗೇಡಿನಲ್ಲಿತ್ತು. 1942ರ ಜೂನಿನಲ್ಲಿ ಲಿಬಿಯಾದ ತೊಬ್ರೂಕ್ ಬಿದ್ದಾಗ ಸೆರೆಯಾಯಿತು. ಮೂರನೆಯದು ಚೆಂಡಿನ ಡಿವಿಜನ್ನಿನಲ್ಲಿದ್ದು 1941ರ ಮಾರ್ಚಿನಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳನ್ನು ಹತ್ತಿತು. ಆಮೇಲೆ 10ನೇ ಡಿವಿಜನ್ನಿನಲ್ಲಿ ಇಟಲಿಗೆ ಹೋಯಿತು. ಅಲ್ಲಿ 1944ರ ಜುಲೈ 10ರಂದು ಮಡಿದ ಅದರ ನಾಯಕ್ ಯಶವಂತ ಘಾಡ್ಗೆಗೆ ವಿಕ್ಟೋರಿಯಾ ಕ್ರಾಸ್ ಸಂದಿತು. ಒಂದನೆಯದು ಎಲೆಗೊಂಚಲಿನ 8ನೇ ಡಿವಿಜನ್ನಿನಲ್ಲಿತ್ತು. ಅದರ ಸಿಪಾಯಿ ನಾಮದೇವ ಜಾಧವ್ 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಂಡೆಯಲ್ಲಿ ತೋರಿದ ಧೈರ್ಯಕ್ಕೆ ಅದೇ ಪದಕ ಪಡೆದ. ನಾಲ್ಕನೆಯದು ಹುಂಜದ ಡಿವಿಜನ್ನಿನಲ್ಲಿ, 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕಿನಲ್ಲಿ ಜಪಾನೀಯರನ್ನು ತಡೆಯಿತು. ತೋಳಿನ ಮೇಲೆ ಹುಂಜ ಇದ್ದರೆ ಅಜ್ಜ ಪೂರ್ವಕ್ಕೆ ಹೋದವರು, ಎಲೆಗೊಂಚಲು ಇದ್ದರೆ ಪಶ್ಚಿಮಕ್ಕೆ. ‘ಬರ್ಮಾವೋ ಇಟಲಿಯೋ’ ಎಂಬ ಮನೆಯ ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ಬಿಲ್ಲೆಯೇ ಇಲ್ಲದ ಚಿತ್ರಗಳೂ ಬಹಳ. ಯಾವ ದಂಡು ಎಲ್ಲಿದೆ ಎಂದು ಶತ್ರುವಿಗೆ ತಿಳಿಯಬಾರದೆಂದು ಗುರುತು ತೆಗೆಸುತ್ತಿದ್ದರು. ಸೆನ್ಸಾರಿನವರು ಚಿತ್ರದ ಮೇಲೆ ಬಿಲ್ಲೆಯನ್ನಷ್ಟೇ ಕೆರೆದು ಹಾಕುತ್ತಿದ್ದುದೂ ಉಂಟು. ತೋಳಿನ ಮೇಲೆ ಬಿಳಿ ಗೀಚು ಇದ್ದರೆ ಅದು ಹುಳು ತಿಂದದ್ದೇ ಆಗಬೇಕೆಂದಿಲ್ಲ.

ಕಪ್ಪುಬಿಳುಪಿನಲ್ಲಿ ಬಣ್ಣ

ಎದೆಯ ಮೇಲಿನ ರಿಬ್ಬನ್ನುಗಳನ್ನು ಓದುವಾಗ ಬಣ್ಣವನ್ನು ನಂಬಬಾರದು. ಆ ಕಾಲದ ಗಾಜಿನ ಪ್ಲೇಟುಗಳಿಗೂ ಹಲವು ಫಿಲ್ಮುಗಳಿಗೂ ಕೆಂಪು ಬಣ್ಣ ‘ಕಾಣುತ್ತಿರಲಿಲ್ಲ’. ಹಾಗಾಗಿ ಕೆಂಪು ಕಪ್ಪಾಗಿ, ನೀಲಿ ಬಿಳಿಚಾಗಿ ಬರುತ್ತದೆ. ಎಷ್ಟು ಪಟ್ಟೆ, ಯಾವುದು ಅಗಲ, ಯಾವುದು ಕಿರಿದು ಎಂದು ನೋಡಬೇಕು. ಮೊದಲ ಯುದ್ಧದ ಬ್ರಿಟಿಷ್ ವಾರ್ ಮೆಡಲಿನ ರಿಬ್ಬನ್ನಿಗೆ ನಡುವೆ ಅಗಲವಾದ ಕಿತ್ತಳೆ ಪಟ್ಟೆ, ಎರಡೂ ಕಡೆ ಬಿಳಿ, ಕಪ್ಪು, ನೀಲಿಯ ಕಿರಿಯ ಪಟ್ಟೆಗಳು. ಅದರ ಜೋಡಿಯಾದ ವಿಕ್ಟರಿ ಮೆಡಲಿನದು ಕಾಮನಬಿಲ್ಲಿನ ಬಣ್ಣ, ಪಟ್ಟೆಗಳು ಒಂದರಲ್ಲೊಂದು ಕರಗುತ್ತವೆ. ಎರಡನೆಯ ಯುದ್ಧದ 1939-45 ಸ್ಟಾರಿಗೆ ಸಮನಾದ ಮೂರು ಪಟ್ಟೆ, ಇಟಲಿ ಸ್ಟಾರಿಗೆ ಸಮನಾದ ಐದು. ಆಫ್ರಿಕಾ ಸ್ಟಾರಿನದು ತಿಳಿ ಮರಳು ಬಣ್ಣ, ನಡುವೆ ಕೆಂಪು, ಅದರ ಎರಡೂ ಕಡೆ ಒಂದೊಂದು ಸಣ್ಣ ಗೆರೆ. ಬರ್ಮಾ ಸ್ಟಾರಿಗೆ ಅಂಚಿನಲ್ಲಿ ಕಡುನೀಲಿ, ನಡುವೆ ಅಗಲ ಕೆಂಪು, ಕಡುನೀಲಿಯ ನಡುವೆ ಕಿತ್ತಳೆ ಗೆರೆ. ಮೊದಲ ಯುದ್ಧದ ಈ ಎರಡು ಮೆಡಲುಗಳು 1919ರಲ್ಲಿ ಜಾರಿಗೆ ಬಂದವು. ಆದ್ದರಿಂದ ಅವು ಎದೆಯ ಮೇಲಿದ್ದರೆ ಆ ಫೋಟೋ ಯುದ್ಧ ಮುಗಿಸಿ ಬಂದವನದು, ಹೊರಡುವಾಗ ತೆಗೆಸಿದ್ದಲ್ಲ.

ಮೆಡಲೇ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಮೊದಲ ಯುದ್ಧದ ಮೆಡಲಿನ ಅಂಚನ್ನು ತಿರುಗಿಸಿ ನೋಡಿ. ನಂಬರು, ಹುದ್ದೆ, ಹೆಸರು, ಪಲ್ಟನ್, ನಾಲ್ಕೂ ಅಲ್ಲಿ ಅಚ್ಚಾಗಿರುತ್ತವೆ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಎಷ್ಟು ಮೆಡಲುಗಳು ಸರಾಫರ ಮೂಸೆ ಸೇರಿದವೋ! ಎರಡು ತೊಲೆ ಚಿಲ್ಲರೆ ಬೆಳ್ಳಿಗಾಗಿ ಒಬ್ಬ ಮನುಷ್ಯನ ಹೆಸರು ಕರಗಿ ಹೋಯಿತು.

ಬಂದೂಕಿಲ್ಲದ ಸೈನಿಕ

ಬ್ರಿಟಿಷ್ ವಾರ್ ಮೆಡಲು ಬೆಳ್ಳಿಯದಲ್ಲದೆ ಕಂಚಿನಲ್ಲೂ ಬಂತು. ಕಂಚಿನದನ್ನು ಕೊಟ್ಟದ್ದು ಕೂಲಿ ದಳದವರಿಗೆ, ದಂಡಿನ ಹಿಂದೆ ಹೋದ ಕೆಲಸಗಾರರಿಗೆ. ಭಿಸ್ತಿ, ಬಾವರ್ಚಿ, ಧೋಬಿ, ಸಾಯಿಸ, ಡೋಲಿ ಹೊರುವವನು, ಝಾಡಮಾಲಿ, ಇವರನ್ನೆಲ್ಲ ಸೇನೆಯ ಲೆಕ್ಕದಲ್ಲಿ ‘ಫಾಲೋವರ್’ ಎನ್ನುತ್ತಿದ್ದರು. ಮೊದಲ ಯುದ್ಧಕ್ಕೆ ಹಿಂದುಸ್ತಾನದಿಂದ ಸೇರಿದ ಸುಮಾರು 13 ಲಕ್ಷ ಮಂದಿಯಲ್ಲಿ ಇಂಥವರೂ ಲಕ್ಷಗಟ್ಟಲೆ ಇದ್ದರು. ಫೋಟೋದಲ್ಲಿ ತೋಳು ಖಾಲಿ, ಹೆಗಲು ಖಾಲಿ, ಬಂದೂಕೂ ಇಲ್ಲ ಎಂದಾಗ ಮನೆಯವರ ಮುಖ ಸ್ವಲ್ಪ ಬಾಡುತ್ತದೆ. ಸುಬೇದಾರ ಎಂದುಕೊಂಡಿದ್ದ ಅಜ್ಜ ನೀರು ಹೊರುವವನಾದರೆ?

ಆದರೆ 50 ಡಿಗ್ರಿಯ ಹತ್ತಿರ ಸುಡುವ ಇರಾಕಿನಲ್ಲಿ ಗುಂಡಿನ ಮಳೆಯ ನಡುವೆ ಮಶಕ್ ಹೊತ್ತು ನೀರು ಕೊಟ್ಟವನು ಯಾರಿಗಿಂತ ಕಡಿಮೆ? ಎರಡನೆಯ ಯುದ್ಧದ ಹೆಗಲಿನ ಮೇಲೆ ‘ಆರ್‌ಐಎಎಸ್‌ಸಿ’ ಎಂದಿದ್ದರೆ ಅದು ರೇಷನ್, ಲಾರಿ, ಹೇಸರಗತ್ತೆಗಳ ಖಾತೆ. 1940ರಲ್ಲಿ ಬ್ರಿಟಿಷ್ ಸೇನೆ ಫ್ರಾನ್ಸಿನ ಡಂಕರ್ಕ್ ತೀರದಿಂದ ಪಾರಾದಾಗ ಜೊತೆಗಿದ್ದ ಭಾರತೀಯರು ಈ ಖಾತೆಯ ಹೇಸರಗತ್ತೆ ಕಂಪನಿಯವರೇ. ‘ಐಎಎಂಸಿ’ ಎಂದಿದ್ದರೆ 1943ರಲ್ಲಿ ಆರಂಭವಾದ ವೈದ್ಯಕೀಯ ದಳ. ಕರ್ಬಲಾದಲ್ಲಿ ನೀರಿಗಾಗಿ ಹೋದ ಹಜರತ್ ಅಬ್ಬಾಸರ ಪಂಜಾವನ್ನು ಮೊಹರಮ್ಮಿನಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಎತ್ತುವ ನಾಡು ನಮ್ಮದು. ನೀರು ತಂದವನ ಬೆಲೆಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಇಲ್ಲದ ಪಟ್ಟಿಯನ್ನು ಅಜ್ಜನ ತೋಳಿಗೆ ಹೊಲಿಯುವುದು ಬೇಡ.

ಇದೇ ಮಾತು ಇನ್ನೊಂದು ಕಡೆಗೂ ಸಲ್ಲುತ್ತದೆ. ಈ ಫೋಟೋವನ್ನು ನಿಷ್ಠೆಯ ಸರ್ಟಿಫಿಕೇಟಿನಂತೆ ಎತ್ತಿ ಹಿಡಿಯುವ ಆಸೆ ಇಂದಿನ ದಿನಗಳಲ್ಲಿ ನಮ್ಮವರಿಗೆ ಬಂದರೆ ಆಶ್ಚರ್ಯವಿಲ್ಲ. ‘ನೀವು ಎಲ್ಲಿಯವರು?’ ಎಂದು ಕೇಳುವವರಿಗೆ ಉತ್ತರ ಕೊಡಲು ಕೈ ತಡಕಾಡುತ್ತದೆ. ಆದರೆ ಆ ಯುದ್ಧ ಬ್ರಿಟಿಷ್ ಸಾಮ್ರಾಜ್ಯದ್ದು. ನಮ್ಮ ಹುಡುಗರು ಇಟಲಿಗೆ ಹೋಗುತ್ತಿದ್ದ ಅದೇ 1943ರ ಏಪ್ರಿಲ್ 1ರಂದು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಹೊಸರಿತ್ತಿಯಲ್ಲಿ ಅದೇ ಸರಕಾರದ ಗುಂಡಿಗೆ ಬಲಿಯಾದರು. ಖಾಕಿ ತೊಟ್ಟವನೂ ಖಾದಿ ತೊಟ್ಟವನೂ ಒಂದೇ ಸೀಮೆಯವರು. ಒಬ್ಬನನ್ನು ತೋರಿಸಿ ಇನ್ನೊಬ್ಬನನ್ನು ಅಳಿಸಬೇಕಾಗಿಲ್ಲ. ಈ ನೆಲದಲ್ಲಿ ನಾವಿದ್ದೇವೆ ಎಂಬುದಕ್ಕೆ ಈ ನೆಲದಲ್ಲಿರುವ ನಮ್ಮ ಹಿರಿಯರ ಗೋರಿಗಳು ಸಾಕು. ಫೋಟೋದಿಂದ ಬೇಕಾಗಿರುವುದು ಪುರಾವೆಯಲ್ಲ, ಹೆಸರು.

ಕಲ್ಲಿನ ಮೇಲಿಲ್ಲದ ಹೆಸರು

ಹೆಸರು ಏಕೆ ಇಷ್ಟು ಮುಖ್ಯ ಎಂಬುದನ್ನು ಬಸ್ರಾದ ಸ್ಮಾರಕ ಹೇಳುತ್ತದೆ. ಇರಾಕ್ ರಂಗದಲ್ಲಿ ಸತ್ತು ಗೋರಿಯೂ ಸಿಗದ 40,500ಕ್ಕೂ ಹೆಚ್ಚು ಮಂದಿಗಾಗಿ ಕಟ್ಟಿದ ಸ್ಮಾರಕ ಅದು. 1997ರಲ್ಲಿ ಇರಾಕ್ ಸರಕಾರ ಅದನ್ನು ಊರಾಚೆ ನಾಸಿರಿಯಾ ದಾರಿಯ ಮೇಲೆ ಸ್ಥಳಾಂತರಿಸಿತು. ಅದರ ಕಲ್ಲುಗಳ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳು ಒಂದೊಂದಾಗಿ ಇವೆ. ಸುಬೇದಾರ, ಜಮಾದಾರರ ಹೆಸರುಗಳೂ ಇವೆ. ಅದಕ್ಕಿಂತ ಕೆಳಗಿನ ಭಾರತೀಯರಿಗೆ ಹೆಸರಿಲ್ಲ. ಪಲ್ಟನ್ನಿನ ಹೆಸರಿನ ಕೆಳಗೆ ‘ಮತ್ತು ಇಷ್ಟು ಮಂದಿ ಇತರ ಭಾರತೀಯ ಸೈನಿಕರು’ ಎಂಬ ಬರೇ ಅಂಕಿ. 2021ರ ಏಪ್ರಿಲ್‌ನಲ್ಲಿ ಕಾಮನ್‌ವೆಲ್ತ್ ಯುದ್ಧಗೋರಿಗಳ ಆಯೋಗವೇ ತನ್ನ ವರದಿಯಲ್ಲಿ ಏಷ್ಯಾ, ಆಫ್ರಿಕಾಗಳ ಮಡಿದವರ ನೆನಪಿನಲ್ಲಿ ಭೇದ ಮಾಡಲಾಗಿತ್ತೆಂದು ಒಪ್ಪಿಕೊಂಡಿತು. ಬ್ರಿಟನ್ನಿನ ರಕ್ಷಣಾ ಮಂತ್ರಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಸಾವಿರ ವರ್ಷದ ಹಿಂದೆ ದನ ಬಿಡಿಸಲು ಹೋಗಿ ಸತ್ತವನ ಹೆಸರನ್ನು ಹಾನಗಲ್ ಸೀಮೆಯ ಕಲ್ಲು ಉಳಿಸಿಕೊಂಡಿತು. ನೂರು ವರ್ಷದ ಹಿಂದೆ ಸಾಮ್ರಾಜ್ಯಕ್ಕಾಗಿ ಸತ್ತವನ ಹೆಸರನ್ನು ಸಾಮ್ರಾಜ್ಯದ ಕಲ್ಲು ಬರೆಯಲಿಲ್ಲ.

ಆದರೆ ಕಲ್ಲಿನ ಮೇಲಿಲ್ಲದ ಎಷ್ಟೋ ಹೆಸರುಗಳು ಆಯೋಗದ ಕಾಗದಗಳಲ್ಲಿವೆ, ಈಗ ಕಂಪ್ಯೂಟರಿನಲ್ಲಿ ಕುಳಿತು ಹುಡುಕಬಹುದು. ಅನೇಕ ಭಾರತೀಯರ ಹೆಸರಿನ ಮುಂದೆ ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆಯೂ ಇರುತ್ತದೆ. ಹುಡುಕುವವರು ಒಂದು ಮಾತು ನೆನಪಿಡಬೇಕು. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅಂದು ಇದೆಲ್ಲ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆ. ಹಾನಗಲ್ ತಾಲ್ಲೂಕಿಗೆ ಅದೇ ಹೆಸರು. ಶಿಗ್ಗಾಂವಿಯ ಕಡೆಯದು ಹಳೆಯ ಕಾಗದಗಳಲ್ಲಿ ಬಂಕಾಪುರ ತಾಲ್ಲೂಕು, ಹಿರೇಕೆರೂರಿನದು ಕೋಡ ತಾಲ್ಲೂಕು, ಹಾವೇರಿಯ ಕಡೆಯದು ಕರಜಗಿ. ಸವಣೂರು ಪ್ರತ್ಯೇಕ ಸಂಸ್ಥಾನ. ‘ಶಿಗ್ಗಾಂವಿ’ ಎಂದು ಹುಡುಕಿ ಸಿಗಲಿಲ್ಲವೆಂದು ಕೈಬಿಟ್ಟರೆ ಅಜ್ಜ ಬಂಕಾಪುರದಲ್ಲಿ ಕಾಯುತ್ತಾ ಕುಳಿತಿರುತ್ತಾರೆ. ಹೆಸರುಗಳನ್ನೂ ದೊರೆಗಳು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಇಮಾಮ್, ಇಮಾಂಸಾಬ್, ಮೌಲಾ, ಮೌಲಾಲಿ ಎಂದು ನಾಲ್ಕಾರು ಬಗೆಯಲ್ಲಿ ನೋಡಬೇಕು.

ಮನೆಯಲ್ಲಿ ಇಂಥ ಫೋಟೋ ಇರುವವರು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಹಿಂದುಮುಂದು ಎರಡೂ ಬದಿಯ ನಕಲು ತೆಗೆಸಿ, ಏಕೆಂದರೆ ಸ್ಟುಡಿಯೋದ ಮೊಹರು ಹಿಂಬದಿಯಲ್ಲಿರುತ್ತದೆ. ತೋಳು, ಹೆಗಲು, ತಲೆ, ಎದೆ, ಈ ನಾಲ್ಕು ಜಾಗವನ್ನು ದೊಡ್ಡದಾಗಿ ಮಾಡಿಸಿ ನೋಡಿ. ಮೂಲ ಚಿತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಅದು ಮತ್ತೆ ಬಿಡಿಸಲಾಗದ ಅಂಟು. ಹಿಂದೆ ಪೆನ್ನಿನಿಂದ ಬರೆಯಬೇಡಿ, ಮೆತ್ತನೆಯ ಪೆನ್ಸಿಲ್ ಸಾಕು. ಮನೆಯ ಹಿರಿಯರನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು ಕೇಳಿ. ಪಿಂಚಣಿ ತರಲು ಖಜಾನೆಯ ಮುಂದೆ ಸಾಲುಗಟ್ಟಿ ನಿಂತವರು, ಟ್ರಂಕನ್ನು ಮನೆಯಿಂದ ಮನೆಗೆ ಹೊತ್ತವರು ಅವರು. ಅವರ ಬಾಯಲ್ಲಿ ಉಳಿದ ಒಂದು ನಂಬರು, ಒಂದು ಊರಿನ ಹೆಸರು ಹತ್ತು ಪುಸ್ತಕಕ್ಕೆ ಸಮ. ಅವರು ಹೇಳಿದ್ದನ್ನು ಒಂದು ಕಡೆ, ಫೋಟೋ ಹೇಳಿದ್ದನ್ನು ಇನ್ನೊಂದು ಕಡೆ ಬರೆದಿಡಿ. ಎರಡೂ ಕೂಡಿದ ಕಡೆ ನಂಬಿ, ಕೂಡದ ಕಡೆ ಮತ್ತೆ ಹುಡುಕಿ.

ಫೋಟೋ ಒಂದು ಅಮಾನತ್. ಅದನ್ನು ಟ್ರಂಕಿನಲ್ಲಿಟ್ಟವರು ನಮ್ಮ ಮೇಲೆ ಭರವಸೆ ಇಟ್ಟು ಹೋಗಿದ್ದಾರೆ. ಹೆಸರು, ತಂದೆಯ ಹೆಸರು, ಊರು, ಪಲ್ಟನ್, ಹೋದ ದೇಶ, ಈ ಐದನ್ನು ಅದರ ಹಿಂದೆ ಬರೆದಿಟ್ಟರೆ ಅಮಾನತ್ ವಾರಸುದಾರರಿಗೆ ಮುಟ್ಟಿದಂತೆ. ಹೆಸರು ಗೊತ್ತಿರುವವರು ಇನ್ನೂ ಬದುಕಿರುವಾಗಲೇ ಅದು ಆಗಬೇಕು.